ವರ್ಷದ ಕೊನೆಯ ವಾರ, ಮುಚ್ಚಿದ ಕ್ಲಿನಿಕ್‌ಗಳು: ಟೋಕಿಯೊದಲ್ಲಿ ಮಗ ಮತ್ತು ಅತ್ತೆಗೆ ಫ್ಲೂ ಬಂದಾಗ

ಡಿಸೆಂಬರ್ 27, 2024. ಶುಕ್ರವಾರ ರಾತ್ರಿ ಹತ್ತು ಗಂಟೆ. ಮಲಗಿದ್ದ ಮಗ ಎದ್ದು ಅಡುಗೆಮನೆಗೆ ಬಂದು "ಅಮ್ಮ, ಚಳಿ" ಅಂದ. ಹೀಟರ್ ಓಡುತ್ತಿತ್ತು, ಮನೆ ಬೆಚ್ಚಗೇ ಇತ್ತು. ಹಣೆ ಮುಟ್ಟಿದೆ. ಕೆಂಡ. ಊರಿಂದ ತಂದ ಥರ್ಮಾಮೀಟರ್ ಇಟ್ಟರೆ 103.

ನಾವು ಇರುವುದು ಟೋಕಿಯೊದ ಪೂರ್ವದಲ್ಲಿ, ನಿಶಿ ಕಸಾಯ್ ಅನ್ನೋ ಜಾಗದಲ್ಲಿ. ಭಾರತದವರು ತುಂಬಾ ಇದ್ದಾರೆ. ಹುರಳಿಕಾಳಿನಿಂದ ಹಿಡಿದು ಕರಿಬೇವಿನ ತನಕ ಎಲ್ಲ ಸಿಗುತ್ತದೆ, ಕನ್ನಡದವರ ವಾಟ್ಸಾಪ್ ಗುಂಪೂ ಇದೆ. ನಾನು, ನಮ್ಮವರು, ಏಳು ವರ್ಷದ ಮಗ. ಜೊತೆಗೆ ಡಿಸೆಂಬರ್ 7ಕ್ಕೆ ತಿಪಟೂರಿನಿಂದ ಬಂದಿದ್ದ ನಮ್ಮ ಅತ್ತೆ. ಅವರಿಗೆ 67 ವರ್ಷ, ಶುಗರ್ ಇದೆ, ಬಿಪಿ ಇದೆ. ಮುಂದಿನ ಹತ್ತು ದಿನ ನಾವು ಪಟ್ಟ ಪಾಡನ್ನು ಒಂದೊಂದಾಗಿ ಬರೆಯುತ್ತೇನೆ. ಮುಂದಿನ ಚಳಿಗಾಲದಲ್ಲಿ ಅಪ್ಪ ಅಮ್ಮನನ್ನೋ, ಅತ್ತೆ ಮಾವನನ್ನೋ ಇಲ್ಲಿಗೆ ಕರೆಸಿಕೊಳ್ಳುವವರು ಓದಿಕೊಂಡರೆ ಅಷ್ಟಾದರೂ ಪ್ರಯೋಜನವಾಗಲಿ.

ಮೊದಲು ಲಸಿಕೆಯ ವಿಷಯ, ಯಾಕೆಂದರೆ ನಮ್ಮ ತಪ್ಪು ಶುರುವಾದದ್ದು ಅಲ್ಲೇ. ಜಪಾನಿನಲ್ಲಿ ಫ್ಲೂ ಲಸಿಕೆ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ದೊಡ್ಡವರಿಗೆ ಒಂದು ಡೋಸ್. ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಎರಡು, ನಡುವೆ ಎರಡರಿಂದ ನಾಲ್ಕು ವಾರ ಬಿಡಬೇಕು. ವಿಮೆ ಇದಕ್ಕೆ ಬರುವುದಿಲ್ಲ, ಕೈಯಿಂದಲೇ ಕೊಡಬೇಕು. ನಮಗಿಬ್ಬರಿಗೂ ತಲಾ 3,500 ಯೆನ್ ಆಯಿತು. ಮಗನಿಗೆ ನವೆಂಬರ್‌ನಲ್ಲಿ ಮೊದಲ ಡೋಸ್ ಹಾಕಿಸಿದೆವು. ಎರಡನೆಯದರ ದಿನ ಅವನಿಗೆ ಕೆಮ್ಮು ಇತ್ತು, ಮುಂದೂಡಿದೆವು. ಮತ್ತೆ ಅಪಾಯಿಂಟ್‌ಮೆಂಟ್ ಸಿಗಲಿಲ್ಲ, ನಾವೂ ಬೆನ್ನು ಬೀಳಲಿಲ್ಲ. ಅತ್ತೆಯವರಿಗಂತೂ ಊರಲ್ಲಿ ಹಾಕಿಸಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ವೀಸಾ, ಟಿಕೆಟ್, ಸ್ವೆಟರ್, ಉಪ್ಪಿನಕಾಯಿ, ಎಲ್ಲದರ ಬಗ್ಗೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೆವು. ಇದೊಂದನ್ನು ಬಿಟ್ಟು. ಲಸಿಕೆ ಮೈಗೆ ಹಿಡಿಯೋಕೆ ಎರಡು ವಾರ ಬೇಕು. ಹಾಗಾಗಿ ವಿಮಾನ ಹತ್ತುವ ಎರಡು ವಾರ ಮೊದಲೇ ಊರಲ್ಲೇ ಹಾಕಿಸಿಬಿಡಿ.

ಸೂಚನೆ ಬರಲಿಲ್ಲ ಅಂತಲ್ಲ. ಡಿಸೆಂಬರ್ 22ರ ಭಾನುವಾರ ಶಾಲೆಯಿಂದ ಮೆಸೇಜ್ ಬಂತು: ನಿಮ್ಮ ಮಗನ ತರಗತಿಗೆ ಮೂರು ದಿನ ರಜೆ. ಇದಕ್ಕೆ ಇಲ್ಲಿ 'ಗಕ್ಕ್ಯೂ ಹೇಸಾ' ಅಂತಾರೆ. ಒಂದು ತರಗತಿಯಲ್ಲಿ ತುಂಬಾ ಮಕ್ಕಳಿಗೆ ಜ್ವರ ಬಂದರೆ ಆ ತರಗತಿ ಮಾತ್ರ ಮುಚ್ಚುತ್ತಾರೆ. ಮೆಟ್ರೋದಲ್ಲಿ ಎಲ್ಲಿ ನೋಡಿದರೂ ಕೆಮ್ಮು. ಜನವರಿಯಲ್ಲಿ ಸರ್ಕಾರದ ಲೆಕ್ಕ ಹೊರಬಿದ್ದಾಗ ಗೊತ್ತಾಯಿತು, ನಾವು ಎಂಥ ವಾರದಲ್ಲಿ ಸಿಕ್ಕಿಕೊಂಡಿದ್ದೆವು ಅಂತ. ಇಲ್ಲಿ ದೇಶದ ತುಂಬಾ ಒಂದಷ್ಟು ಕ್ಲಿನಿಕ್, ಆಸ್ಪತ್ರೆ ಆರಿಸಿಕೊಂಡು ವಾರವಾರವೂ ಫ್ಲೂ ರೋಗಿಗಳನ್ನು ಎಣಿಸುತ್ತಾರೆ. ಒಂದೊಂದು ಕಡೆ ಸರಾಸರಿ 30 ದಾಟಿದರೆ ಎಚ್ಚರಿಕೆಯ ಮಟ್ಟ. ಡಿಸೆಂಬರ್ 23ರಿಂದ 29ರ ವಾರ ಅದು 64.39. 1999ರಲ್ಲಿ ಈ ರೀತಿ ಎಣಿಸಲು ಶುರುಮಾಡಿದ ಮೇಲೆ ಇಷ್ಟು ಏರಿದ್ದು ಅದೇ ಮೊದಲು.

ಆ ಶುಕ್ರವಾರ ರಾತ್ರಿಗೆ ವಾಪಸ್ ಬರುತ್ತೇನೆ. ಔಷಧಿ ಡಬ್ಬಿಯಲ್ಲಿ ಊರಿಂದ ತಂದ ಎರಡು ಸಿರಪ್ ಇದ್ದವು. ಒಂದು ಪ್ಯಾರಸಿಟಮಾಲ್. ಇನ್ನೊಂದು ಮೆಫೆನಾಮಿಕ್ ಆಸಿಡ್ ಇರುವುದು. ಜ್ವರ ಜಾಸ್ತಿ ಇದ್ದರೆ ಅದನ್ನು ಕೊಡಿ ಅಂತ ಊರಲ್ಲಿ ಹೇಳಿದ್ದರು, ಹಿಂದೆ ಕೊಟ್ಟೂ ಇದ್ದೆ. ಅವತ್ತು ಪ್ಯಾರಸಿಟಮಾಲ್ ಕೊಟ್ಟೆ. ನಾಲ್ಕು ಗಂಟೆ ಬಿಟ್ಟು ಜ್ವರ ಇಳಿಯದಿದ್ದರೆ ಇನ್ನೊಂದು ಕೊಡೋಣ ಅಂತ ಬಾಟಲಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡೆ. ಬೆಳಗಿನ ಜಾವ ಜ್ವರ ಸ್ವಲ್ಪ ತಗ್ಗಿತು, ಹಾಗಾಗಿ ಕೊಡಲಿಲ್ಲ. ಈ ಬಾಟಲಿಯ ಮಾತು ಮುಂದೆ ಬರುತ್ತದೆ.

ರಾತ್ರಿಯೇ ಆಸ್ಪತ್ರೆಗೆ ಓಡಬೇಕಾ ಬೇಡವಾ ಅಂತ ಗೊತ್ತಾಗದೆ ಹ್ಯಾಶ್ 8000ಕ್ಕೆ ಫೋನ್ ಮಾಡಿದೆವು. ಮಕ್ಕಳ ಆರೋಗ್ಯದ ಬಗ್ಗೆ ರಾತ್ರಿ ಹೊತ್ತು ಸಲಹೆ ಕೊಡುವ ನಂಬರ್ ಅದು. ದೊಡ್ಡವರಿಗೆ ಹ್ಯಾಶ್ 7119. ಆಂಬುಲೆನ್ಸ್‌ಗೆ 119, ಅದಕ್ಕೆ ದುಡ್ಡಿಲ್ಲ. ನಮ್ಮವರಿಗೆ ಜಪಾನಿ ಭಾಷೆ ಆಫೀಸಿಗೆ ಬೇಕಾದಷ್ಟು ಬರುತ್ತದೆ. ನರ್ಸ್ ಒಂದೊಂದೇ ಕೇಳಿದರು. ನೀರು ಕುಡಿಯುತ್ತಿದ್ದಾನಾ? ಕರೆದರೆ ಓ ಅಂತಾನಾ? ಮೂತ್ರ ಹೋಗುತ್ತಿದೆಯಾ? ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದೆಯಾ? ಜ್ವರ ಎಷ್ಟು? ನಮ್ಮವರು ನೂರಾಮೂರು ಅಂದರು. ಆ ಕಡೆ ಮೌನ. ಇಲ್ಲಿ ಎಲ್ಲ ಸೆಲ್ಸಿಯಸ್. 39.4 ಅಂತ ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಕೈ ನಡುಗುತ್ತಿತ್ತು. ಮೊದಲ ವಾರದಲ್ಲೇ ಒಂದು ಸೆಲ್ಸಿಯಸ್ ಥರ್ಮಾಮೀಟರ್ ಕೊಂಡುಕೊಳ್ಳಿ. ಕೊನೆಗೆ ಅವರು ಹೇಳಿದ್ದು: ಈಗ ಬರಬೇಕಿಲ್ಲ, ಬೆಳಿಗ್ಗೆ ತೋರಿಸಿ. ಜ್ವರ ಶುರುವಾಗಿ ಹನ್ನೆರಡು ಗಂಟೆ ಆಗುವ ಮೊದಲು ಪರೀಕ್ಷೆ ಮಾಡಿದರೆ ಫ್ಲೂ ಇದ್ದರೂ ಇಲ್ಲ ಅಂತ ಬರಬಹುದು. ಹಾಗಂತ ತಡ ಮಾಡುವಂತೆಯೂ ಇಲ್ಲ, ಫ್ಲೂ ಔಷಧಿ 48 ಗಂಟೆಯೊಳಗೆ ಶುರುಮಾಡಬೇಕು.

ಶನಿವಾರ, 28. ಬಹಳಷ್ಟು ಕ್ಲಿನಿಕ್‌ಗಳಿಗೆ ಆ ವರ್ಷದ ಕೊನೆಯ ದಿನ, ಅದೂ ಮಧ್ಯಾಹ್ನದ ತನಕ. 29ರಿಂದ ಜನವರಿ 3ರವರೆಗೆ ಇಲ್ಲಿ ಹೊಸ ವರ್ಷದ ರಜೆ. ನಮ್ಮ ಕಡೆ ಯುಗಾದಿಗೋ ದೀಪಾವಳಿಗೋ ಡಾಕ್ಟರ್ ಒಂದು ದಿನ ಬಾಗಿಲು ಹಾಕಿದರೆ ಹೆಚ್ಚು, ಇಲ್ಲಿ ಊರಿಗೆ ಊರೇ ಮುಚ್ಚುತ್ತದೆ. ಜ್ವರ ಇದ್ದವರು ನೇರ ಒಳಗೆ ಹೋಗುವ ಹಾಗಿಲ್ಲ. 'ಹತ್ಸುನೆತ್ಸು ಗಾಯ್ರಾಯ್' ಅಂತ ಜ್ವರದವರಿಗೇ ಬೇರೆ ಸಮಯ ಇರುತ್ತದೆ, ಫೋನ್ ಮಾಡಿ ಅಥವಾ ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಾವಿಬ್ಬರೂ ಎರಡು ಫೋನ್ ಹಿಡಿದು ಕೂತೆವು. ಐದು ಕ್ಲಿನಿಕ್. ಎಲ್ಲ ಬಿಜಿ. ಅತ್ತೆ ಮೂಲೆಯಲ್ಲಿ ಮಗನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆ ಹಾಕುತ್ತಿದ್ದರು. "ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ತೋರಿಸ್ಕೊಂಡು ಬಂದಿರ್ತಿದ್ವಿ ಕಣಮ್ಮ" ಅಂದರು. ಬೈದದ್ದಲ್ಲ, ಸಂಕಟಕ್ಕೆ ಹೇಳಿದ್ದು. 9:50ಕ್ಕೆ ನಾಲ್ಕನೇ ಕ್ಲಿನಿಕ್ ಫೋನ್ ತೆಗೆಯಿತು. 11:40ಕ್ಕೆ ಬನ್ನಿ ಅಂದರು.

ಏನೇನು ಒಯ್ದೆವು ಅಂತ ಹೇಳಿಬಿಡುತ್ತೇನೆ. ಮಗನ ವಿಮೆಯ ದಾಖಲೆ, ಅಂದರೆ 'ಮೈ ನಂಬರ್' ಅನ್ನೋ ಇಲ್ಲಿನ ಸರ್ಕಾರಿ ಗುರುತಿನ ಕಾರ್ಡ್. 2024ರ ಡಿಸೆಂಬರ್ 2ರಿಂದ ಹಳೆಯ ವಿಮಾ ಕಾರ್ಡನ್ನು ಹೊಸದಾಗಿ ಕೊಡುವುದು ನಿಂತಿತ್ತು, ಕೈಯಲ್ಲಿದ್ದವರದು ಆಗ ಇನ್ನೂ ನಡೆಯುತ್ತಿತ್ತು. ನಾವು ಎರಡನ್ನೂ ಇಟ್ಟುಕೊಂಡಿದ್ದೆವು. ಮಕ್ಕಳ ವೈದ್ಯಕೀಯ ನೆರವಿನ ಕಾರ್ಡ್, ಇದು ವಾರ್ಡ್ ಆಫೀಸಿನಲ್ಲಿ ಸಿಗುತ್ತದೆ. ಇದಿದ್ದರೆ ನಮ್ಮ ವಾರ್ಡಿನಲ್ಲಿ ಮಕ್ಕಳಿಗೆ ಡಾಕ್ಟರ್ ಫೀಸೂ ಇಲ್ಲ, ಔಷಧಿಗೂ ದುಡ್ಡಿಲ್ಲ. 'ಒಕುಸುರಿ ತೆಚೊ' ಅನ್ನೋ ಔಷಧಿ ಪುಸ್ತಕ. ಮಗನ ತೂಕ ಬರೆದ ಚೀಟಿ. ಮತ್ತೆ ಆ ಎರಡು ಸಿರಪ್ ಬಾಟಲಿ.

ಕ್ಲಿನಿಕ್‌ನಲ್ಲಿ ಹಿಂಬಾಗಿಲಿಂದ ಒಂದು ಪುಟ್ಟ ಕೋಣೆಗೆ ಕರೆದೊಯ್ದರು. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ. ಎಂಟು ನಿಮಿಷಕ್ಕೆ ಟೈಪ್ ಎ ಫ್ಲೂ ಅಂತ ಬಂತು. ನಾನು ಬಾಟಲಿಗಳನ್ನು ಮೇಜಿನ ಮೇಲಿಟ್ಟು, ಇವನ್ನು ಕೊಡಬಹುದಾ ಅಂತ ಕೇಳಿದೆ. ಡಾಕ್ಟರಮ್ಮ ಲೇಬಲ್ ತಿರುಗಿಸಿ ತಿರುಗಿಸಿ ಓದಿದರು. ಪ್ಯಾರಸಿಟಮಾಲ್ ಬಾಟಲಿಯನ್ನು ನನ್ನ ಕಡೆ ತಳ್ಳಿದರು. ಎರಡನೆಯದನ್ನು ಎತ್ತಿ ಹಿಡಿದು, ಎರಡೂ ತೋರುಬೆರಳನ್ನು ಕತ್ತರಿಯ ಹಾಗೆ ಅಡ್ಡ ಇಟ್ಟು ತೋರಿಸಿದರು. ಬೇಡವೇ ಬೇಡ. ಆಮೇಲೆ ನಿಧಾನಕ್ಕೆ ಹೇಳಿದರು: ಫ್ಲೂ ಇರುವ ಮಕ್ಕಳಿಗೆ ಆಸ್ಪಿರಿನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಇಲ್ಲಿ ಕೊಡುವುದಿಲ್ಲ. ಮೆದುಳಿಗೆ ತೊಂದರೆ ಆಗುವ ಅಪರೂಪದ ಸಂದರ್ಭಗಳಲ್ಲಿ ಇವು ಸ್ಥಿತಿಯನ್ನು ಇನ್ನೂ ಕೆಡಿಸಬಹುದು ಅನ್ನುವ ಕಾರಣಕ್ಕೆ.

ನನಗೆ ಕಾಲ ಕೆಳಗಿನ ನೆಲ ಜಾರಿದ ಹಾಗಾಯಿತು. ದಿಂಬಿನ ಪಕ್ಕದಲ್ಲೇ ಇತ್ತಲ್ಲ ಆ ಬಾಟಲಿ! ಊರಿನಿಂದ ಸಿರಪ್ ತರುವವರು ನಾವೆಲ್ಲರೂ. ದಯವಿಟ್ಟು ಬಾಟಲಿಯ ಮೇಲಿನ ಕಂಪನಿ ಹೆಸರು ನೋಡಬೇಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ. ಮಕ್ಕಳ ಜ್ವರ ಫ್ಲೂ ಇರಬಹುದು ಅಂತ ಅನುಮಾನ ಬಂದರೆ ಪ್ಯಾರಸಿಟಮಾಲ್ ಮಾತ್ರ, ತೂಕಕ್ಕೆ ತಕ್ಕಷ್ಟು. ಇದಕ್ಕೆ ಜಪಾನಿನಲ್ಲಿ ಅಸೆಟಮಿನೊಫೆನ್ ಅಂತಾರೆ, ಎರಡೂ ಒಂದೇ.

ಚೀಟಿ ಕೈಗೆ ಬಂತು. ಇಲ್ಲಿ ಡಾಕ್ಟರ್ ಚೀಟಿ ಕೊಡುತ್ತಾರೆ, ಔಷಧಿ ಹೊರಗಿನ ಅಂಗಡಿಯಲ್ಲಿ. ಆ ಚೀಟಿ ಬರೆದ ದಿನವೂ ಸೇರಿ ನಾಲ್ಕೇ ದಿನ ನಡೆಯುತ್ತದೆ. ಮಕ್ಕಳಿಗೆ ಕೊಡುವ ಟಾಮಿಫ್ಲೂ ಅನ್ನೋ ಫ್ಲೂ ಔಷಧಿಯ ಪುಡಿ ಬರೆದಿದ್ದರು. ಪಕ್ಕದ ಅಂಗಡಿಯಲ್ಲಿ ಇಲ್ಲ. ರಸ್ತೆಯಾಚೆ ಇಲ್ಲ. ಸ್ಟೇಷನ್ ಎದುರು ಇರುವುದರಲ್ಲಿ, ಬೆಳಿಗ್ಗೆಯೇ ಖಾಲಿಯಾಯಿತು ಅಂದರು. ಮಗನನ್ನು ನಮ್ಮವರು ಬೆನ್ನ ಮೇಲೆ ಹೊತ್ತಿದ್ದರು. ಮೂರನೇ ಅಂಗಡಿಯ ಫಾರ್ಮಸಿಸ್ಟ್ ನಮ್ಮ ಮುಖ ನೋಡಿ, ತಾವೇ ಡಾಕ್ಟರಿಗೆ ಫೋನ್ ಮಾಡಿದರು. ಪುಡಿಯ ಬದಲು ಇನಾವಿರ್ ಅನ್ನೋ ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಗೆ ಬದಲಿಸಿಕೊಂಡರು. ಅದು ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಮಗು ಸರಿಯಾಗಿ ಎಳೆದುಕೊಳ್ಳಬೇಕು. ಫಾರ್ಮಸಿಸ್ಟ್ ಮೊದಲು ಒಂದು ಪುಟ್ಟ ಪೀಪಿಯಂಥದ್ದು ಕೊಟ್ಟು ಅಭ್ಯಾಸ ಮಾಡಿಸಿದರು. ಸರಿಯಾಗಿ ಎಳೆದರೆ ಅದು ಪೀ ಅನ್ನುತ್ತದೆ. ಮೊದಲ ಸಲ ಸದ್ದೇ ಬರಲಿಲ್ಲ. ಎರಡನೇ ಸಲ ಸಣ್ಣಗೆ. ಮೂರನೇ ಸಲ ಜೋರಾಗಿ ಪೀ ಅಂತು, ಅಂಗಡಿಯಲ್ಲಿ ಕಾಯುತ್ತಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ನಿಜವಾದ ಔಷಧಿ. ಒಂದು ಕಡೆ ತಳ್ಳಿ ಎಳೆದುಕೊಂಡ, ಇನ್ನೊಂದು ಕಡೆ ತಳ್ಳಿ ಎಳೆದುಕೊಂಡ. ಬೆವರಿದ ಹಣೆ, ಒಣಗಿದ ತುಟಿ, ಎರಡೂ ಕೈಯಲ್ಲಿ ಆ ಬಿಳಿ ಪ್ಲಾಸ್ಟಿಕ್. ನಾನು ಅಲ್ಲೇ ತಿರುಗಿ ನಿಂತು ಕಣ್ಣು ಒರೆಸಿಕೊಂಡೆ. ಖರ್ಚು, ಸೊನ್ನೆ ಯೆನ್.

ಬರುವಾಗ ಅವರು ಒಂದು ಹಾಳೆ ಕೊಟ್ಟರು. ಫ್ಲೂ ಬಂದ ಮಕ್ಕಳು ಜ್ವರದ ಮೊದಲ ಎರಡು ದಿನ ಇದ್ದಕ್ಕಿದ್ದಂತೆ ಎದ್ದು ಓಡುವುದು, ಬಾಗಿಲು ತೆಗೆಯುವುದು, ಏನೇನೋ ಮಾತಾಡುವುದು ಆಗಬಹುದು. ಔಷಧಿ ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ ಅಷ್ಟೆ. ಹಾಗಾಗಿ ಆ ಎರಡು ದಿನ ಒಬ್ಬರನ್ನೇ ಬಿಡಬೇಡಿ, ಕಿಟಕಿ ಬಾಗಿಲು ಲಾಕ್ ಮಾಡಿ, ಬಾಲ್ಕನಿ ಇರುವ ಕೋಣೆಯಲ್ಲಿ ಮಲಗಿಸಬೇಡಿ. ನಮ್ಮದು ಆರನೇ ಮಹಡಿ. ಎರಡು ಕೋಣೆಗೂ ಸೇರಿದ ಹಾಗೆ ಒಂದೇ ಉದ್ದ ಬಾಲ್ಕನಿ. ನಮ್ಮವರು ಜಾರುವ ಬಾಗಿಲಿಗೆ ಲಾಕ್ ಹಾಕಿ, ಅದಕ್ಕೆ ಅಡ್ಡವಾಗಿ ಹಾಸಿಗೆ ಹಾಸಿಕೊಂಡು ಮಲಗಿದರು.

ರಾತ್ರಿ ಎರಡೂಕಾಲಿಗೆ ಮಗ ಎದ್ದ. ಕಣ್ಣು ಬಿಟ್ಟಿದ್ದ, ಆದರೆ ನನ್ನನ್ನು ನೋಡಿದರೂ ಗುರುತು ಇದ್ದಂತಿಲ್ಲ. ನೇರ ಬಾಲ್ಕನಿ ಬಾಗಿಲಿನ ಕಡೆ ನಡೆದು, ಅಪ್ಪನ ಕಾಲು ದಾಟಿ, ಪರದೆ ಸರಿಸಿದ. "ಎಲ್ಲರೂ ಹೊರಗೆ ನಿಂತಿದಾರೆ" ಅಂದ. ನಮ್ಮವರು ಎದ್ದು ತಬ್ಬಿಕೊಂಡರು. ಒಂದೆರಡು ನಿಮಿಷಕ್ಕೆ ಅವನು ಅವರ ಹೆಗಲ ಮೇಲೆ ನಿದ್ದೆ ಹೋದ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಆ ಹಾಳೆ ನಮ್ಮ ಕೈಗೆ ಸಿಗದೆ ಇದ್ದಿದ್ದರೆ ಅನ್ನೋದನ್ನು ಈಗಲೂ ಯೋಚಿಸೋಕೆ ಆಗುವುದಿಲ್ಲ. ಹೀಗಾದಾಗ ಸೆಳೆತ ಬಂದರೆ, ಕರೆದರೆ ಎಚ್ಚರ ಆಗದಿದ್ದರೆ, ವಿಚಿತ್ರವಾಗಿ ಆಡುವುದು ನಿಲ್ಲದೆ ಮುಂದುವರಿದರೆ ಕಾಯಬೇಡಿ, 119ಕ್ಕೆ ಫೋನ್ ಮಾಡಿ.

ಭಾನುವಾರ ಸಂಜೆಗೆ ಮಗನ ಜ್ವರ ಇಳಿಯಿತು. ಗಂಜಿಗೆ ತುಪ್ಪ ಹಾಕಿ ಎರಡು ಬಟ್ಟಲು ತಿಂದ. ಕ್ಯೋಟೋಗೆ ಹೋಗುವ ಪ್ಲ್ಯಾನ್ ಇತ್ತು, ಕ್ಯಾನ್ಸಲ್ ಮಾಡಿದೆವು. ಹೋಟೆಲ್ ದುಡ್ಡು ಅರ್ಧ ಹೋಯಿತು. ಹೋಗಲಿ.

ಸೋಮವಾರ, 30. ಬೆಳಿಗ್ಗೆ ಅತ್ತೆ ಕಾಫಿಗೆ ಎದ್ದು ಬರಲಿಲ್ಲ. ಅವರು ದಿನಾ ಐದೂವರೆಗೆ ಏಳುವವರು. ಹೋಗಿ ನೋಡಿದರೆ ಎರಡು ಹೊದಿಕೆ ಹೊದ್ದು ಮುದುಡಿದ್ದರು. "ಏನಿಲ್ಲ ಬಿಡು, ಮೈ ಕೈ ನೋವು" ಅಂದರು. 38.9. ಶುಗರ್ ನೋಡಿದರೆ 262. ಜ್ವರ ಬಂದರೆ ಶುಗರ್ ಏರುತ್ತದೆ, ಅದು ನನಗೆ ಗೊತ್ತಿರಲಿಲ್ಲ.

ಈಗ ನಿಜವಾದ ಕಷ್ಟ. ಕ್ಲಿನಿಕ್ ಒಂದೂ ಇಲ್ಲ. ಅತ್ತೆಯವರು ಮೂರು ತಿಂಗಳ ವೀಸಾದಲ್ಲಿ ಬಂದವರು, ಇಲ್ಲಿನ ವಿಮೆಗೆ ಸೇರುವ ಹಾಗಿಲ್ಲ. ನಮಗಾದರೆ ಬಿಲ್ಲಿನ ಶೇ. 30 ಕೊಟ್ಟರೆ ಸಾಕು, ಅವರದು ಪೂರ್ತಿ ಕೈಯಿಂದಲೇ. ಕೆಲವು ಆಸ್ಪತ್ರೆಗಳು ವಿಮೆ ಇಲ್ಲದ ವಿದೇಶಿಯರಿಗೆ ಅದಕ್ಕಿಂತಲೂ ಜಾಸ್ತಿ ದರ ಹಾಕುತ್ತವೆ. ಊರಲ್ಲಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆವು. ಅದರ ಸಹಾಯವಾಣಿಗೆ ಫೋನ್ ಮಾಡಿದರೆ 35 ನಿಮಿಷ ಹಾಡು ಕೇಳಿಸಿ, ಆಮೇಲೆ ಕೇಳಿದ ಮೊದಲ ಪ್ರಶ್ನೆ: ಶುಗರ್, ಬಿಪಿ ಮೊದಲೇ ಇತ್ತಾ? ಇತ್ತು. ಹಾಗಾದರೆ ಡಾಕ್ಟರು ಇದು ಹೊಸ ಸೋಂಕು ಅಂತ ಬರೆದುಕೊಡಬೇಕು. ಅಡ್ಮಿಟ್ ಆಗದಿದ್ದರೆ ಕ್ಯಾಶ್‌ಲೆಸ್ ಇಲ್ಲ, ದುಡ್ಡು ಕೊಟ್ಟು ಆಮೇಲೆ ಕ್ಲೇಮ್ ಮಾಡಿ. ಮೊದಲ 100 ಡಾಲರ್ ನಿಮ್ಮ ಕೈಯಿಂದಲೇ. ಆ ಕೊನೆಯ ಮಾತು ಪಾಲಿಸಿಯ ಎರಡನೇ ಪುಟದಲ್ಲೇ ಇತ್ತು, ನಾವು ಓದಿರಲಿಲ್ಲ. ಒಂದು ಮಾತು: ಡಾಕ್ಟರ ಹತ್ತಿರ ಹೋಗುವ ಮೊದಲೇ ಹೀಗೆ ಫೋನ್ ಮಾಡಿ ಒಂದು ನಂಬರ್ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ಕ್ಲೇಮ್ ಹಾಕುವಾಗ ಮೊದಲು ಕೇಳಿದ್ದೇ ಅದನ್ನು.

ಇಲ್ಲಿ ರಜಾದಿನಗಳಿಗೆ ಅಂತಲೇ ತುರ್ತು ಕ್ಲಿನಿಕ್‌ಗಳು ಇರುತ್ತವೆ. ಸ್ಥಳೀಯ ವೈದ್ಯರು ಸರದಿಯ ಮೇಲೆ ಕೂರುತ್ತಾರೆ. ವಿಳಾಸ ವಾರ್ಡಿನ ವೆಬ್‌ಸೈಟಿನಲ್ಲಿ, ಮನೆಗೆ ಬರುವ ವಾರ್ಡಿನ ಪತ್ರಿಕೆಯಲ್ಲಿ ಇರುತ್ತದೆ. ನಾವು ಅದನ್ನು ಪ್ರತಿ ತಿಂಗಳೂ ಓದದೆ ರದ್ದಿಗೆ ಹಾಕುತ್ತಿದ್ದೆವು. ಈಗ ಹಾಕುವುದಿಲ್ಲ. ಟ್ಯಾಕ್ಸಿಯಲ್ಲಿ ಹೋದೆವು, 2,100 ಯೆನ್. ಹೊರಗೆ ಅರವತ್ತು ಎಪ್ಪತ್ತು ಜನ ಸಾಲಿನಲ್ಲಿ. ಗಾಳಿ ಚೂರಿಯ ಹಾಗೆ. ಅತ್ತೆಗೆ ಶಾಲು, ಅದರ ಮೇಲೆ ಮಗನ ಕಂಬಳಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ಅರ್ಧ ಗಂಟೆ ಆದ ಮೇಲೆ ಸಿಬ್ಬಂದಿಯೊಬ್ಬರು ಅವರ ವಯಸ್ಸು ಕೇಳಿ ಒಳಗೆ ಕುರ್ಚಿ ಕೊಟ್ಟರು. ಪೂರ್ತಿ ಮೂರೂಕಾಲು ಗಂಟೆ ಕಾದೆವು.

ಅಲ್ಲಿ ನಮ್ಮನ್ನು ಉಳಿಸಿದ್ದು ಒಂದು ಹಾಳೆ. ಅತ್ತೆ ಬರುವ ಮೊದಲೇ ಅವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಮಾಡಿದ್ದೆವು. ಶುಗರ್‌ಗೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್, ಅಮ್ಲೋಡಿಪಿನ್, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ಪಕ್ಕದಲ್ಲಿ ಜಪಾನಿ ಲಿಪಿಯಲ್ಲೂ ಬರೆದಿತ್ತು. ಅದು ಇದ್ದದ್ದು ಯಾಕೆಂದರೆ, ಒಂದು ತಿಂಗಳಿಗಿಂತ ಜಾಸ್ತಿ ಡಾಕ್ಟರ್ ಚೀಟಿಯ ಔಷಧಿಯನ್ನು ಜಪಾನಿಗೆ ತರಬೇಕಾದರೆ ಮೊದಲೇ 'ಯುನ್ಯು ಕಾಕುನಿನ್‌ಶೊ' ಅನ್ನೋ ಅನುಮತಿ ಪತ್ರ ತೆಗೆದುಕೊಳ್ಳಬೇಕು. ಮೂರು ತಿಂಗಳಿಗೆ ಬರುವ ನಮ್ಮ ಹಿರಿಯರೆಲ್ಲರಿಗೂ ಇದು ಬೇಕಾಗುತ್ತದೆ. ಅದಕ್ಕಾಗಿ ಮಾಡಿದ ಪಟ್ಟಿ ಇಲ್ಲಿ ಕೆಲಸಕ್ಕೆ ಬಂತು. ಹಾಗೆಯೇ, ನೆಗಡಿ ಮಾತ್ರೆ ತರುವಾಗ ಅದರಲ್ಲಿ ಸೂಡೊಎಫೆಡ್ರಿನ್ ಇದೆಯಾ ಅಂತ ನೋಡಿ. ಅದು ಶೇ. 10ಕ್ಕಿಂತ ಜಾಸ್ತಿ ಇರುವ ಔಷಧಿಯನ್ನು ಇಲ್ಲಿಗೆ ತರುವಂತೆಯೇ ಇಲ್ಲ.

ಡಾಕ್ಟರು ಪಟ್ಟಿ ನೋಡಿ ತಲೆಯಾಡಿಸಿದರು. ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿದರು. 95. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಟೈಪ್ ಎ, ಮಗನದ್ದೇ. ಈ ಸಲ ಜಾಸ್ತಿ ಓಡಾಡುತ್ತಿರುವುದು ಎಚ್1ಎನ್1 ಅಂತ ಅಂದರು. ಆ ಒಂದು ಪದ ಅತ್ತೆಗೆ ಅರ್ಥವಾಯಿತು. "ಹಂದಿಜ್ವರಾನಾ?" ಅಂತ ನನ್ನ ಕೈ ಹಿಡಿದುಕೊಂಡರು. 2009ರಲ್ಲಿ ಟಿವಿಯಲ್ಲಿ ನೋಡಿದ ಭಯ ಅವರೊಳಗೆ ಹಾಗೇ ಕೂತಿತ್ತು. ಆಗ ಅದು ಹೊಸ ವೈರಸ್, ಹೆಚ್ಚಿನವರ ಮೈಗೆ ಪರಿಚಯ ಇರಲಿಲ್ಲ, ಈಗ ಅದು ವರ್ಷವರ್ಷವೂ ಬರುವ ಫ್ಲೂಗಳಲ್ಲಿ ಒಂದು, ಲಸಿಕೆಯಲ್ಲೂ ಅದು ಸೇರಿದೆ ಅಂತ ಅಲ್ಲೇ ಕೂತು ಹೇಳಿದೆ. ಎಷ್ಟು ನಂಬಿದರೋ ಗೊತ್ತಿಲ್ಲ. ಕೈ ಮಾತ್ರ ಬಿಡಲಿಲ್ಲ.

ಅತ್ತೆಗೆ ಬರೆದದ್ದು ಒಸೆಲ್ಟಾಮಿವಿರ್ ಮಾತ್ರೆ (ಟಾಮಿಫ್ಲೂದಲ್ಲಿರುವ ಔಷಧಿಯೇ), ದಿನಕ್ಕೆ ಎರಡು, ಐದು ದಿನ. ಜ್ವರ ನಿಂತರೂ ಪೂರ್ತಿ ಮುಗಿಸಬೇಕು. ಊಟ, ನೀರು ಸೇರದೆ ಹೋದರೆ ಮೆಟ್‌ಫಾರ್ಮಿನ್ ನಿಲ್ಲಿಸಿ ಫೋನ್ ಮಾಡಿ ಅಂದರು. ಆಕ್ಸಿಜನ್ 93ಕ್ಕಿಂತ ಇಳಿದರೆ, ಉಸಿರು ಕಟ್ಟಿದ ಹಾಗಾದರೆ, ಜ್ವರ ಬಿಟ್ಟು ಮತ್ತೆ ಬಂದರೆ ತಡ ಮಾಡಬೇಡಿ, ನ್ಯುಮೋನಿಯಾ ಇರಬಹುದು ಅಂತ ಎಚ್ಚರಿಸಿದರು. ನಿಮ್ಮ ಮನೆಯಲ್ಲಿ ಶುಗರ್ ಇರುವವರಿದ್ದರೆ ಜ್ವರದ ದಿನ ಯಾವ ಮಾತ್ರೆ ಬಿಡಬೇಕು, ಯಾವುದು ಬಿಡಬಾರದು ಅಂತ ಊರಿನ ಡಾಕ್ಟರ ಹತ್ತಿರ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ.

ಬಿಲ್ 18,400 ಯೆನ್, ನಗದು ಮಾತ್ರ. ಔಷಧಿಗೆ 4,900. ನಮ್ಮವರ ಜೇಬಿನಲ್ಲಿ 20,000 ಇತ್ತು. ಉಳಿದದ್ದಕ್ಕೆ ನಾನು ಕೊನ್ಬಿನಿಯ, ಅಂದರೆ ಹಗಲು ರಾತ್ರಿ ತೆರೆದಿರುವ ಪುಟ್ಟ ಅಂಗಡಿಯ, ಎಟಿಎಂ ಹುಡುಕಿಕೊಂಡು ಓಡಿದೆ. ರಜೆಯಲ್ಲಿ ಮನೆಯಲ್ಲಿ ಮೂವತ್ತು ನಲವತ್ತು ಸಾವಿರ ಯೆನ್ ನಗದು ಇಟ್ಟುಕೊಂಡಿರಿ. ಕ್ಲೇಮ್‌ಗೆ ಇಂಗ್ಲಿಷಿನಲ್ಲಿ ಸರ್ಟಿಫಿಕೇಟ್ ಬೇಕು ಅಂತ ಕೇಳಿದೆವು. ಇಲ್ಲಿ ಅದೆಲ್ಲ ಬರೆಯುವುದಿಲ್ಲ, ರಸೀದಿ ಮತ್ತು ವಿವರದ ಪಟ್ಟಿ ಮಾತ್ರ ಅಂದರು. ಅಷ್ಟು ಜನ ಕಾಯುತ್ತಿದ್ದಾಗ ಒತ್ತಾಯ ಮಾಡೋಕೆ ಮನಸ್ಸೂ ಬರಲಿಲ್ಲ.

ಮುಂದಿನ ನಾಲ್ಕು ದಿನ ಮನೆಯೇ ಆಸ್ಪತ್ರೆ. ಚಿಕ್ಕ ಕೋಣೆ ಅತ್ತೆಗೆ. ನಾನು ಒಬ್ಬಳೇ ಒಳಗೆ ಹೋಗುವುದು, ಮಾಸ್ಕ್ ಹಾಕಿಕೊಂಡು. ಬಂದ ತಕ್ಷಣ ಸೋಪು ಹಾಕಿ ಕೈ ತೊಳೆಯುವುದು. ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ಕಿಟಕಿ ತೆರೆದಿಡುವುದು. ಟೋಕಿಯೊ ಚಳಿಗಾಲದ ಗಾಳಿ ಒಣ ಮೆಣಸಿನಕಾಯಿಯ ಹಾಗೆ, ಹೀಟರ್ ಹಾಕಿದರೆ ಇನ್ನೂ ಒಣಗುತ್ತದೆ. ಒಣ ಗಾಳಿಯಲ್ಲಿ ಫ್ಲೂ ವೈರಸ್ ಜಾಸ್ತಿ ಹೊತ್ತು ಉಳಿಯುತ್ತದೆ, ಗಂಟಲೂ ಒಣಗುತ್ತದೆ. ಹ್ಯುಮಿಡಿಫೈಯರ್ ಹಾಕಿ ತೇವಾಂಶ ಶೇ. 50ರ ಮೇಲೆ ಇಟ್ಟೆವು. ಅದಿಲ್ಲದ ಕೋಣೆಯಲ್ಲಿ ಒದ್ದೆ ಪಂಚೆ ಒಣಹಾಕಿದೆವು, ಅದೂ ಕೆಲಸ ಮಾಡುತ್ತದೆ.

ಇಲ್ಲಿ ಜ್ವರ ಬಂದವರಿಗೆಲ್ಲ ಪೊಕಾರಿ ಸ್ವೆಟ್ ಅನ್ನೋ ಪಾನೀಯ ಕುಡಿಸುತ್ತಾರೆ. ಅದರಲ್ಲಿ ಸಕ್ಕರೆ ಇದೆ, ಶುಗರ್ ಇರುವವರಿಗೆ ಲೀಟರ್‌ಗಟ್ಟಲೆ ಕೊಡುವಂಥದ್ದಲ್ಲ. ಅತ್ತೆಗೆ ತೆಳ್ಳಗೆ ಗಂಜಿ ತಿಳಿ, ಇಂಗು ಹಾಕಿದ ನೀರು ಮಜ್ಜಿಗೆ, ಮೆಣಸಿನ ಸಾರು. 31ರ ಸಂಜೆ ಬಾಗಿಲ ಬೆಲ್ ಆಯಿತು. ತೆಗೆದರೆ ಯಾರೂ ಇಲ್ಲ. ನೆಲದ ಮೇಲೆ ಸ್ಟೀಲ್ ಡಬ್ಬಿ. ಮೂರನೇ ಮಹಡಿಯ ಧಾರವಾಡದ ಅಕ್ಕನ ಮೆಸೇಜ್: "ಕಟ್ಟಿನ ಸಾರು ಇಟ್ಟೇನಿ, ಬಿಸಿ ಐತಿ, ಮೊದಲ ಅತ್ತಿಗೆ ಕೊಡ್ರಿ. ಡಬ್ಬಿ ವಾಪಸ್ ಕೊಡೋ ಗಡಿಬಿಡಿ ಬ್ಯಾಡ." ಹೊಸ ವರ್ಷದ ರಾತ್ರಿ ದೇವಸ್ಥಾನದ ಗಂಟೆ ದೂರದಲ್ಲಿ ಕೇಳುತ್ತಿತ್ತು. ಅತ್ತೆ ಅರ್ಧ ಲೋಟ ಸಾರು ಕುಡಿದು, "ಉಪ್ಪು ಸರಿಯಾಗಿದೆ" ಅಂದರು. ಎರಡು ದಿನದಲ್ಲಿ ಅವರು ರುಚಿಯ ಬಗ್ಗೆ ಆಡಿದ ಮೊದಲ ಮಾತು ಅದು.

ಜನವರಿ 2ಕ್ಕೆ ನಮ್ಮವರಿಗೂ ಜ್ವರ ಬಂತು, ಒಂದೂವರೆ ದಿನಕ್ಕೆ ಬಿಟ್ಟಿತು. ನನಗೆ ಬರಲೇ ಇಲ್ಲ. ಅತ್ತೆಯವರ ಜ್ವರ 3ನೇ ತಾರೀಖು ಪೂರ್ತಿ ಇಳಿಯಿತು, ಆಕ್ಸಿಜನ್ 97ಕ್ಕೆ ಬಂತು.

ಮಗನ ಶಾಲೆ 8ನೇ ತಾರೀಖಿಗೆ ಶುರು. ಇಲ್ಲಿನ ನಿಯಮ ಹೀಗಿದೆ: ಜ್ವರ ಬಂದ ದಿನ ಬಿಟ್ಟು ಐದು ದಿನ ಕಳೆಯಬೇಕು, ಜೊತೆಗೆ ಜ್ವರ ಇಳಿದು ಎರಡು ದಿನ ಆಗಿರಬೇಕು. ಶಾಲೆಗೆ ಹೋಗದ ಸಣ್ಣ ಮಕ್ಕಳಿಗೆ ಇಳಿದು ಮೂರು ದಿನ. ಎರಡೂ ಆಗಬೇಕು, ಒಂದಾದರೆ ಸಾಲದು. ನಮ್ಮ ಶಾಲೆಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕಾಗಲಿಲ್ಲ, ಜ್ವರದ ತಾರೀಖುಗಳನ್ನು ನಾವೇ ತುಂಬಿ ಸಹಿ ಹಾಕಿದ ಫಾರಂ ಸಾಕಾಯಿತು. ಕೆಲವು ಕಡೆ ಕೇಳುತ್ತಾರೆ, ಮೊದಲೇ ವಿಚಾರಿಸಿ.

6ಕ್ಕೆ ಅತ್ತೆಯವರನ್ನು ಮನೆ ಹತ್ತಿರದ ಕ್ಲಿನಿಕ್‌ಗೆ ಮತ್ತೆ ತೋರಿಸಿದೆವು. ಎದೆ ಸರಿಯಾಗಿದೆ ಅಂದರು. ಅದಕ್ಕೆ 9,800 ಯೆನ್. ರಜಾ ಕ್ಲಿನಿಕ್‌ನ ರಸೀದಿ, ಪರೀಕ್ಷೆಯ ಚೀಟಿ ತೋರಿಸಿದ ಮೇಲೆ ಅಲ್ಲಿನ ಡಾಕ್ಟರು ಇಂಗ್ಲಿಷಿನಲ್ಲಿ ಸರ್ಟಿಫಿಕೇಟ್ ಬರೆದುಕೊಟ್ಟರು: ಟೈಪ್ ಎ ಫ್ಲೂ, ಹೊಸ ಸೋಂಕು, ಹಳೆಯ ಕಾಯಿಲೆಗೆ ಸಂಬಂಧವಿಲ್ಲ. ಆ ಒಂದು ಹಾಳೆಗೆ 5,500. ಟ್ಯಾಕ್ಸಿ ಬಿಟ್ಟು ಅತ್ತೆಯವರ ಖರ್ಚು ಒಟ್ಟು 38,600 ಯೆನ್, ಹತ್ತಿರ ಹತ್ತಿರ 21,000 ರೂಪಾಯಿ.

ಜನವರಿ 16ಕ್ಕೆ ಕ್ಲೇಮ್ ಹಾಕಿದೆವು. ಪಾಲಿಸಿ, ಫೋನ್ ಮಾಡಿದಾಗ ಕೊಟ್ಟ ನಂಬರ್, ಸರ್ಟಿಫಿಕೇಟ್, ರಸೀದಿಗಳು, ವಿವರದ ಪಟ್ಟಿಗಳು, ಪಾಸ್‌ಪೋರ್ಟಿನ ಮೊದಲ ಪುಟ, ನರಿಟಾದಲ್ಲಿ ಅಂಟಿಸಿದ ಸ್ಟಿಕರ್ ಇರುವ ಪುಟ. ಜಪಾನಿ ರಸೀದಿಗಳ ಪಕ್ಕದಲ್ಲಿ ನಾವೇ ಇಂಗ್ಲಿಷಿನಲ್ಲಿ ಅರ್ಥ ಬರೆದೆವು. ನಾಲ್ಕು ದಿನ ಬಿಟ್ಟು ಉತ್ತರ ಬಂತು, ಇನ್ನೊಂದು ಬೇಕು: ಬರುವಾಗಿನ ಬೋರ್ಡಿಂಗ್ ಪಾಸ್. ಅದನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾವು ಬ್ಯಾಗು, ಕೋಟಿನ ಜೇಬು ಎಲ್ಲ ಜಾಲಾಡಿದೆವು. ಸಿಗಲಿಲ್ಲ. ವಿಮಾನ ಕಂಪನಿಗೆ ಬರೆಯೋಣ ಅಂತ ಕೂತಿದ್ದಾಗ ಅತ್ತೆ ತಮ್ಮ ದೇವರನಾಮದ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿದರು. ಓದಿ ನಿಲ್ಲಿಸಿದ ಪುಟದ ಗುರುತಿಗೆ ಅಂತ ಅದನ್ನೇ ಇಟ್ಟುಕೊಂಡಿದ್ದರು. "ಇದೇನಾ ನೀವು ಹುಡುಕ್ತಿರೋದು?" ಅಂದರು. ಫೋಟೋ ತೆಗೆದು ಅವತ್ತೇ ಕಳಿಸಿದೆವು. ಆಮೇಲೆ ಅವರು ಅದನ್ನು ಮತ್ತೆ ಅದೇ ಪುಟದಲ್ಲಿ ಇಟ್ಟುಕೊಂಡರು.